ಹಗ್ಗ ಎಳೆದವರಿಗೆ ಆಕಾಶ

ಇಂಗ್ಲೆಂಡಿನ ಲಾಂಗ್ ಮಿಂಡ್ ಗುಡ್ಡದ ನೆತ್ತಿಯಲ್ಲಿ ಎಂಜಿನ್ ಇಲ್ಲದ ವಿಮಾನಗಳ ಕ್ಲಬ್ಬೊಂದಿದೆ. ಅಲ್ಲಿ ಹಾರುವುದು ಕೆಲವೇ ನಿಮಿಷ, ಹಾರಿಸುವುದು ಇಡೀ ದಿನ. ಅಂಥದೊಂದು ವಾರಾಂತ್ಯದ ಕಥನ.

ಶ್ರಾಪ್‌ಶೈರ್‌ನ ಚರ್ಚ್ ಸ್ಟ್ರೆಟನ್ ಊರಿನ ಪಶ್ಚಿಮಕ್ಕೆ ಲಾಂಗ್ ಮಿಂಡ್ ಎಂಬ ಉದ್ದನೆಯ ಗುಡ್ಡವಿದೆ. ಊರೊಳಗಿಂದ ಹೊರಡುವ ಬರ್‌ವೇ ರಸ್ತೆ ಅದರ ಬೆನ್ನೇರುತ್ತದೆ. ರಸ್ತೆ ಒಂದೇ ಕಾರಿನಷ್ಟು ಅಗಲ. ಒಂದು ಕಡೆ ಗುಡ್ಡದ ಮೈ, ಇನ್ನೊಂದು ಕಡೆ ಅಡ್ಡಗೋಡೆಯಿಲ್ಲದ ಇಳಿಜಾರು. ಎದುರಿಗೆ ಕಾರು ಬಂದರೆ ಇಬ್ಬರಲ್ಲೊಬ್ಬರು ರಿವರ್ಸ್ ಹೋಗಬೇಕು. ಕುರಿ ಬಂದರೆ ಅದು ಮನಸ್ಸು ಮಾಡುವವರೆಗೆ ಕಾಯಬೇಕು. ಮೇಲೆ ಹೋದಂತೆ ಮರಗಳು ಮುಗಿದು ಹೀದರ್ ಎಂಬ ಕುರುಚಲು ಗಿಡಗಳು ಶುರುವಾಗುತ್ತವೆ. ಬೇಸಿಗೆಯ ಕೊನೆಯಲ್ಲಿ ಬಂದವರಿಗೆ ಇಡೀ ಗುಡ್ಡವೇ ನೇರಳೆ. 516 ಮೀಟರ್ ಎತ್ತರದ ಪೋಲ್ ಬ್ಯಾಂಕ್ ದಾಟಿ ದಕ್ಷಿಣಕ್ಕೆ ಹೊರಳಿದರೆ ಹುಲ್ಲಿನ ಮೈದಾನ, ದೊಡ್ಡ ಶೆಡ್ಡು, ಸಾಲಾಗಿ ನಿಲ್ಲಿಸಿದ ಉದ್ದುದ್ದ ಬಿಳಿ ಟ್ರೈಲರ್‌ಗಳು ಕಾಣುತ್ತವೆ. ಅದೇ 1934ರಲ್ಲಿ ಹುಟ್ಟಿದ ಮಿಡ್‌ಲ್ಯಾಂಡ್ ಗ್ಲೈಡಿಂಗ್ ಕ್ಲಬ್.

ಬರ್ಮಿಂಗ್‌ಹ್ಯಾಮ್ ಸುತ್ತಮುತ್ತ ನೆಲೆಸಿರುವ ನಮ್ಮವರಿಗೆ ಇದು ಸುಮಾರು ಒಂದೂವರೆ ಗಂಟೆಯ ದಾರಿ. ಗ್ಲೈಡಿಂಗ್ ಎಂದರೆ ಒಬ್ಬಂಟಿ ಸಾಹಸ, ಮೌನ, ಹಕ್ಕಿಯ ಹಾಗೆ ಸ್ವಾತಂತ್ರ್ಯ ಎಂಬ ಚಿತ್ರವನ್ನು ತಲೆಯಲ್ಲಿಟ್ಟುಕೊಂಡು ಇಲ್ಲಿಗೆ ಬರುವವರೇ ಹೆಚ್ಚು. ಆ ಚಿತ್ರ ಮೊದಲ ಬೆಳಿಗ್ಗೆಯೇ ಕಳಚಿ ಬೀಳುತ್ತದೆ. ಯಾರೋ ಕೈಗೆ ಒಂದು ಜೊತೆ ಗ್ಲೌಸ್ ಕೊಟ್ಟು, ‘ಆ ರೆಕ್ಕೆ ಹಿಡ್ಕೊಳ್ಳಿ’ ಎನ್ನುತ್ತಾರೆ. ಸಂಜೆಯವರೆಗೂ ಅದೇ ಕೆಲಸ.

ಮೋಡದೊಳಗೆ ಶನಿವಾರ

ಕ್ಲಬ್ ಇರುವುದು ಸಮುದ್ರಮಟ್ಟದಿಂದ ಸುಮಾರು 1,400 ಅಡಿ ಎತ್ತರದಲ್ಲಿ. ಕಣಿವೆಯ ಹಳ್ಳಿಗಳವರು ತಲೆಯೆತ್ತಿ ನೋಡಿ ‘ಇವತ್ತು ಮೋಡ ಕೆಳಗಿದೆ’ ಅಂದುಕೊಳ್ಳುವ ದಿನ ಇಲ್ಲಿಯವರು ಆ ಮೋಡದೊಳಗೇ ಇರುತ್ತಾರೆ. ಸೆಪ್ಟೆಂಬರ್‌ನ ಆ ಶನಿವಾರವೂ ಹಾಗೇ ಆಗಿತ್ತು. ಹ್ಯಾಂಗರ್‌ನಿಂದ ಕ್ಲಬ್‌ಹೌಸ್ ಕಾಣುತ್ತಿರಲಿಲ್ಲ. ಆದರೂ ಬೆಳಗಿನ ಮೀಟಿಂಗ್‌ಗೆ ಎಲ್ಲರೂ ಹಾಜರು. ಅಂದಿನ ಹೊಣೆ ಹೊತ್ತ ಬೋಧಕಿ ಬಿಳಿ ಹಲಗೆಯ ಮೇಲೆ ಗಾಳಿಯ ದಿಕ್ಕು, ಮೋಡದ ತಳ, ಅಂದಿನ ಕೆಲಸ ಎಲ್ಲ ಬರೆದರು. ಗ್ಲೈಡರನ್ನು ಕೇಬಲ್‌ನಿಂದ ಎಳೆದೇರಿಸುವ ವಿಂಚ್ ಓಡಿಸುವವರು ಯಾರು, ಲಾಂಚ್ ಪಾಯಿಂಟ್‌ನಲ್ಲಿ ವೇಳೆ ಬರೆಯುವವರು ಯಾರು, ಇಳಿದ ಗ್ಲೈಡರನ್ನು ಎಳೆದು ತರುವವರು ಯಾರು ಎಂಬ ಪಟ್ಟಿ ಮೊದಲು ತಯಾರಾಯಿತು. ಯಾರು ಹಾರುತ್ತಾರೆ ಎನ್ನುವುದು ಕೊನೆಗೆ.

ಬ್ರಿಟನ್ನಿನಲ್ಲಿ ಇಂಥ ಎಪ್ಪತ್ತಕ್ಕೂ ಹೆಚ್ಚು ಕ್ಲಬ್‌ಗಳಿವೆ. ಬಹುತೇಕ ಕಡೆ ಬೋಧಕರೂ ಸೇರಿ ಎಲ್ಲರೂ ಸಂಬಳವಿಲ್ಲದ ಸದಸ್ಯರೇ. ಮಲೆನಾಡಿನ ನಾಟಿ ಕಾಲದ ಮುಯ್ಯಾಳು ಪದ್ಧತಿ ಕಂಡವರಿಗೆ ಇಲ್ಲಿನ ಲೆಕ್ಕ ತಟ್ಟನೆ ಹೊಳೆಯುತ್ತದೆ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಯಾರೂ ಚೀಟಿ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಹಾರಿ ಇಳಿದ ಕೂಡಲೇ ಕಾರು ಹತ್ತಿ ಮನೆಗೆ ಹೊರಟವರ ಹೆಸರು ಮಾತ್ರ ಎಲ್ಲರಿಗೂ ನೆನಪಿರುತ್ತದೆ.

ಮಂಜಿನ ಬೆಳಿಗ್ಗೆಗೂ ಕೆಲಸವಿದೆ. ಪ್ರತಿ ಗ್ಲೈಡರ್‌ಗೂ ದಿನದ ಮೊದಲ ಹಾರಾಟಕ್ಕೆ ಮುಂಚೆ ತಪಾಸಣೆ ಆಗಬೇಕು. ನನ್ನ ಪಾಲಿಗೆ ಬಂದದ್ದು ಎಎಸ್‌ಕೆ 21. ಜರ್ಮನಿಯ ಅಲೆಕ್ಸಾಂಡರ್ ಶ್ಲೈಶರ್ ಕಂಪನಿಯ ಈ ಎರಡು ಸೀಟಿನ ಫೈಬರ್‌ಗ್ಲಾಸ್ ಗ್ಲೈಡರ್ ಮೊದಲು ಹಾರಿದ್ದು 1979ರಲ್ಲಿ. ಈಗ ಪ್ರಪಂಚದ ಎಷ್ಟೋ ಕಡೆ ಕಲಿಯುವವರಿಗೆ ಇದೇ ಮೊದಲ ವಿಮಾನ. ರೆಕ್ಕೆಯ ತುದಿಯಿಂದ ತುದಿಗೆ 17 ಮೀಟರ್. ರೆಕ್ಕೆಗಳನ್ನು ಒಡಲಿಗೆ ಬಿಗಿದ ಪಿನ್ನುಗಳು ಕೂತಿವೆಯೇ, ಅವುಗಳ ಲಾಕ್ ಸರಿಯಿದೆಯೇ ಎಂದು ಬೆರಳಿಟ್ಟು ನೋಡಬೇಕು. ಆಮೇಲೆ ಒಬ್ಬರು ಕಾಕ್‌ಪಿಟ್ಟಿನಲ್ಲಿ ಸ್ಟಿಕ್ ಹಿಡಿಯುತ್ತಾರೆ, ಇನ್ನೊಬ್ಬರು ರೆಕ್ಕೆಯ ಹಿಂಬದಿಯಲ್ಲಿ ಅಲ್ಲಾಡುವ ಏಲರಾನ್ ಪಟ್ಟಿಯನ್ನು ಅಂಗೈಯಲ್ಲಿ ಒತ್ತಿ ಹಿಡಿಯುತ್ತಾರೆ. ಸ್ಟಿಕ್ ಅಲ್ಲಾಡಿದ್ದು ಇಲ್ಲಿಯ ಅಂಗೈಗೆ ತಗುಲಬೇಕು. ತಗುಲದಿದ್ದರೆ ಒಳಗೆಲ್ಲೋ ಕೊಂಡಿ ಕಳಚಿದೆ ಎಂದರ್ಥ. ನೋಡಿದರಷ್ಟೇ ಸಾಲದು, ಹೀಗೆ ಇಬ್ಬರು ಸೇರಿ ಮುಟ್ಟಿ ಖಾತ್ರಿ ಮಾಡಿಕೊಂಡು ಪುಸ್ತಕದಲ್ಲಿ ಸಹಿ ಹಾಕಬೇಕು.

ಬೋಧಕರು ಮಧ್ಯಾಹ್ನದವರೆಗೂ ಗಾಳಿಯ ಪಾಠ ಮಾಡಿದರು. ಅಡುಗೆಮನೆಯಿಂದ ಬೇಕನ್ ವಾಸನೆ, ಸಸ್ಯಾಹಾರಿಗಳಿಗೆ ಚೀಸ್ ಟೋಸ್ಟು. ಒಂದು ಗಂಟೆಯ ಹೊತ್ತಿಗೆ ಗಾಳಿ ಬೀಸಿ ಮೋಡ ಮೇಲೆದ್ದಿತು. ಪಶ್ಚಿಮಕ್ಕೆ ಸ್ಟೈಪರ್‌ಸ್ಟೋನ್ಸ್ ಬೆಟ್ಟಸಾಲಿನ ಕಲ್ಲುಕೊಂಬುಗಳು, ಅದರಾಚೆ ವೇಲ್ಸ್‌ನ ಗುಡ್ಡಗಳು ಒಂದೊಂದಾಗಿ ಕಾಣಿಸಿಕೊಂಡವು. ಐದು ನಿಮಿಷದೊಳಗೆ ಹ್ಯಾಂಗರ್ ಖಾಲಿ.

ಹತ್ತಿಪ್ಪತ್ತು ಕೈಗಳ ಇತಿಹಾಸ

ಈ ಕ್ರೀಡೆ ಹುಟ್ಟಿದಾಗಿನಿಂದಲೂ ಬೇರೆಯವರ ಬೆವರಿನ ಮೇಲೇ ನಿಂತಿದೆ. ಯಾರ್ಕ್‌ಷೈರ್‌ನ ಸರ್ ಜಾರ್ಜ್ ಕೇಲಿ 1853ರಲ್ಲಿ ತಾನು ಕಟ್ಟಿದ ಗ್ಲೈಡರ್‌ನಲ್ಲಿ ಕೂರಿಸಿದ್ದು ತನ್ನ ಸಾರೋಟಿನ ಚಾಲಕನನ್ನು ಎನ್ನುತ್ತಾರೆ. ಕಣಿವೆ ದಾಟಿ ಇಳಿದವನು, ‘ನನ್ನನ್ನು ಇಟ್ಟುಕೊಂಡದ್ದು ಬಂಡಿ ಹೊಡೆಯಲು, ಹಾರಲು ಅಲ್ಲ’ ಎಂದು ಕೆಲಸ ಬಿಟ್ಟನಂತೆ. ಬರ್ಲಿನ್ ಬಳಿ ಒಟ್ಟೊ ಲಿಲಿಯೆಂಥಾಲ್ 1891ರಿಂದ ಐದು ವರ್ಷ ತಾನೇ ರೆಕ್ಕೆ ಕಟ್ಟಿಕೊಂಡು ಸುಮಾರು ಎರಡು ಸಾವಿರ ಸಲ ಗುಡ್ಡದಿಂದ ಹಾರಿದ. 1896ರ ಆಗಸ್ಟ್‌ನಲ್ಲಿ ಬಿದ್ದು ತೀರಿಕೊಂಡ.

ಕ್ಲಬ್‌ಗಳು ಹುಟ್ಟಿದ್ದು ಮೊದಲ ಮಹಾಯುದ್ಧದ ನಂತರ. ಸೋತ ಜರ್ಮನಿಯ ಮೇಲೆ ವರ್ಸೇಲ್ಸ್ ಒಪ್ಪಂದ ವಿಮಾನ ನಿರ್ಬಂಧ ಹೇರಿತು. ಎಂಜಿನ್ ಇಲ್ಲದ ವಿಮಾನಕ್ಕೆ ಅಡ್ಡಿಯಿರಲಿಲ್ಲ. ಎಂಜಿನಿಯರಿಂಗ್ ಓದುವ ಹುಡುಗರು, ಕೆಲಸ ಕಳೆದುಕೊಂಡ ಪೈಲಟ್‌ಗಳು ವಾಸರ್‌ಕುಪ್ಪೆ ಬೆಟ್ಟಕ್ಕೆ ತಾವೇ ಕಟ್ಟಿದ ಗ್ಲೈಡರ್‌ಗಳನ್ನು ಹೊತ್ತು ತಂದರು. 1920ರಲ್ಲಿ ಅಲ್ಲಿ ಮೊದಲ ಸ್ಪರ್ಧೆ ನಡೆಯಿತು. ದುಡ್ಡಿಲ್ಲ, ಎಂಜಿನ್ ಇಲ್ಲ, ಜನ ಮಾತ್ರ ಇದ್ದರು. ರಬ್ಬರ್ ಹಗ್ಗದ ಎರಡು ತುದಿ ಹಿಡಿದು ಓಡಿ ಗ್ಲೈಡರನ್ನು ಬೆಟ್ಟದಿಂದಾಚೆ ಚಿಮ್ಮಿಸುವ ವಿಧಾನ ಅಲ್ಲಿ ಬಳಕೆಗೆ ಬಂತು. ಹಾರಬೇಕಾದವನಿಗೆ ಹಗ್ಗ ಹಿಡಿಯುವ ಗೆಳೆಯರು ಬೇಕು, ಗೆಳೆಯರು ಹಾರಬೇಕಾದರೆ ಇವನು ಹಗ್ಗ ಹಿಡಿಯಬೇಕು. ಗ್ಲೈಡಿಂಗ್ ಕ್ಲಬ್ ಎಂಬ ಸಂಸ್ಥೆಯ ಬೈಲಾ ಇಷ್ಟೇ. ಉಳಿದದ್ದನ್ನು ಆಮೇಲೆ ಬರೆದುಕೊಂಡರು.

ಬ್ರಿಟನ್ನಿಗೆ ಹುಚ್ಚು ಹತ್ತಿದ್ದು ಸ್ವಲ್ಪ ತಡವಾಗಿ. 1922ರಲ್ಲಿ ಡೈಲಿ ಮೇಲ್ ಪತ್ರಿಕೆ ಸಾವಿರ ಪೌಂಡ್ ಬಹುಮಾನ ಇಟ್ಟು ಸಸೆಕ್ಸ್‌ನ ಇಟ್‌ಫರ್ಡ್ ಹಿಲ್‌ನಲ್ಲಿ ಸ್ಪರ್ಧೆ ನಡೆಸಿತು. ಗೆದ್ದವನು ಫ್ರಾನ್ಸಿನ ಅಲೆಕ್ಸಿಸ್ ಮಾನೆರೋಲ್, ಗಾಳಿಯಲ್ಲಿದ್ದದ್ದು 3 ಗಂಟೆ 21 ನಿಮಿಷ. ಬ್ರಿಟಿಷ್ ಗ್ಲೈಡಿಂಗ್ ಅಸೋಸಿಯೇಷನ್ 1929ರಲ್ಲಿ, ಡನ್‌ಸ್ಟೇಬಲ್‌ನ ಲಂಡನ್ ಗ್ಲೈಡಿಂಗ್ ಕ್ಲಬ್ 1930ರಲ್ಲಿ ಶುರುವಾದವು. ನಾಲ್ಕು ವರ್ಷದ ನಂತರ ಮಿಡ್‌ಲ್ಯಾಂಡಿನವರು ಪಶ್ಚಿಮದ ಗಾಳಿಗೆ ಎದೆಯೊಡ್ಡಿ ನಿಂತ ಈ ಗುಡ್ಡವನ್ನು ಆರಿಸಿಕೊಂಡರು.

ಎಡಗೈ ಹಳದಿ ಗುಂಡಿಯ ಮೇಲೆ

ಈಗ ದಿನನಿತ್ಯದ ಲಾಂಚ್ ವಿಂಚ್‌ನದು. ಮೈದಾನದ ಆ ತುದಿಯಲ್ಲಿ ಲಾರಿಯಷ್ಟು ದೊಡ್ಡ ಯಂತ್ರ, ಅದರಲ್ಲಿ ಸುತ್ತಿದ ಕೇಬಲ್, ಈ ತುದಿಯಲ್ಲಿ ಗ್ಲೈಡರ್. ಬಹಳ ಕ್ಲಬ್‌ಗಳಲ್ಲಿ ಬಳಸಿದ ಕೇಬಲ್ಲನ್ನು ಟ್ರ್ಯಾಕ್ಟರ್‌ಗೋ ಜೀಪಿಗೋ ಕಟ್ಟಿ ಮತ್ತೆ ಎಳೆದು ತರುತ್ತಾರೆ. ಲಾಂಗ್ ಮಿಂಡ್‌ನಲ್ಲಿ ಅದನ್ನು ವಾಪಸ್ ಎಳೆಯಲು ಇನ್ನೊಂದು ಪುಟ್ಟ ವಿಂಚ್ ಇದೆ. ಅದಕ್ಕೂ ಒಬ್ಬ ಆಳು ಬೇಕು.

ಕಾಕ್‌ಪಿಟ್ಟಿನಲ್ಲಿ ಕೂತವರು ಸಿ-ಬಿ-ಸಿಫ್ಟ್-ಸಿ-ಬಿ-ಇ ಎಂಬ ಮಂತ್ರವನ್ನು ಬಾಯಿಬಿಟ್ಟು ಹೇಳಬೇಕು. ಕಂಟ್ರೋಲು, ತೂಕ, ಬೆಲ್ಟು, ಮೀಟರುಗಳು, ಫ್ಲ್ಯಾಪ್, ಟ್ರಿಮ್, ಕೆನೊಪಿ, ಬ್ರೇಕು. ಕೊನೆಯ ‘ಇ’ ಎಂದರೆ ಏನಾದರೂ ಆದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆ. ‘ಕೇಬಲ್ ತುಂಡಾದರೆ ಮೂತಿ ಕೆಳಗೆ, ಮೊದಲು ವೇಗ, ಎದುರಿಗೆ ಜಾಗವಿದ್ದರೆ ನೇರ ಇಳಿಯುತ್ತೇನೆ, ಇಲ್ಲದಿದ್ದರೆ ತಿರುಗುತ್ತೇನೆ’ ಎಂದು ಹಿಂದಿನ ಸೀಟಿನ ಬೋಧಕರಿಗೆ ಕೇಳುವಂತೆ ಹೇಳಬೇಕು. ಎಷ್ಟೋ ಸಲ ಬೋಧಕರು ಸುಳಿವು ಕೊಡದೆ ನಡುವೆಯೇ ಕೇಬಲ್ ಕಳಚಿ ಪರೀಕ್ಷೆ ಮಾಡುತ್ತಾರೆ.

ಕಾಕ್‌ಪಿಟ್ಟಿನ ಎಡಬದಿಯಲ್ಲಿ ಒಂದು ಹಳದಿ ಗುಂಡಿಯಿದೆ. ಎಲ್ಲ ಗ್ಲೈಡರ್‌ಗಳಲ್ಲೂ ಬಣ್ಣಗಳು ಹೀಗೇ. ನೀಲಿ ಏರ್‌ಬ್ರೇಕು, ಹಸಿರು ಟ್ರಿಮ್ಮು, ಹಳದಿ ಕೇಬಲ್ ಕಳಚಲು. ಹೊರಗೆ ಕೇಬಲ್ ಹಿಡಿದವರು ‘ಓಪನ್’ ಎಂದಾಗ ಗುಂಡಿ ಎಳೆಯಬೇಕು, ‘ಕ್ಲೋಸ್’ ಎಂದಾಗ ಬಿಡಬೇಕು. ಹೊಟ್ಟೆಯಡಿಯ ಕೊಕ್ಕೆಗೆ ಉಕ್ಕಿನ ಉಂಗುರ ಸಿಕ್ಕಿ ಕಟಕ್ ಎಂದು ಸದ್ದಾಗುತ್ತದೆ. ಕೇಬಲ್ ಮತ್ತು ಗ್ಲೈಡರ್ ನಡುವೆ ಬಣ್ಣ ಬಳಿದ ಒಂದು ಪುಟ್ಟ ಕೊಂಡಿಯೂ ಇರುತ್ತದೆ. ಎಳೆತ ಮಿತಿಮೀರಿದರೆ ರೆಕ್ಕೆಗೆ ಪೆಟ್ಟಾಗುವ ಮೊದಲೇ ಅದು ಮುರಿಯಬೇಕು. ಯಾವ ಗ್ಲೈಡರ್‌ಗೆ ಯಾವ ಬಣ್ಣ ಎಂಬುದನ್ನು ಕಟ್ಟುವವರೂ ಹೇಳಬೇಕು, ಕೂತವರೂ ಹೇಳಬೇಕು.

ರೆಕ್ಕೆಯ ತುದಿ ಹಿಡಿದು ನಿಂತವರ ಕೆಲಸ ಸಣ್ಣದು ಎನಿಸಬಹುದು. ಅಲ್ಲ. ಗ್ಲೈಡರ್‌ಗೆ ಒಡಲಿನಡಿಯ ಸಾಲಿನಲ್ಲಷ್ಟೇ ಚಕ್ರಗಳು, ನಿಂತಾಗ ಅದು ಒಂದು ಕಡೆಗೆ ವಾಲಿಬಿಡುತ್ತದೆ. ಲಾಂಚ್ ಶುರುವಾದಾಗ ರೆಕ್ಕೆ ಹುಲ್ಲಿಗೆ ತಾಗಿದರೆ ವಿಮಾನ ಕ್ಷಣದಲ್ಲಿ ಮಗುಚಬಹುದು. 2005ರಲ್ಲಿ ಬ್ರಿಟಿಷ್ ಗ್ಲೈಡಿಂಗ್ ಅಸೋಸಿಯೇಷನ್ ವಿಂಚ್ ಸುರಕ್ಷತೆಗೆಂದೇ ಆಂದೋಲನ ಶುರು ಮಾಡಿತು. ಎಡಗೈ ಹಳದಿ ಗುಂಡಿ ಬಿಡಬಾರದು, ರೆಕ್ಕೆ ಹಿಡಿತ ತಪ್ಪಿ ವಾಲಿದರೆ ಯೋಚಿಸದೆ ಎಳೆಯಬೇಕು ಎಂಬ ಪಾಠ ಈಗ ಎಲ್ಲರ ಕೈಗೂ ಇಳಿದಿದೆ. ಅದರಿಂದ ಗಂಭೀರ ಅಪಘಾತಗಳೂ ತಗ್ಗಿದವು.

‘ಟೇಕ್ ಅಪ್ ಸ್ಲ್ಯಾಕ್!’ ಕೇಬಲ್ ಹಾವಿನಂತೆ ಸರಿದು ಬಿಗಿಯಾಗುತ್ತದೆ. ‘ಆಲ್ ಔಟ್!’ ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತದೆ. ಮೂರು ನಾಲ್ಕು ಸೆಕೆಂಡಿನಲ್ಲಿ ನೆಲ ಬಿಟ್ಟಾಯಿತು, ಮತ್ತೆರಡು ಸೆಕೆಂಡಿಗೆ ಎದುರಿಗೆ ಆಕಾಶ ಬಿಟ್ಟು ಬೇರೇನೂ ಇಲ್ಲ. ಅರ್ಧ ನಿಮಿಷ ಕಳೆದು ಸಾವಿರ ಚಿಲ್ಲರೆ ಅಡಿ ಎತ್ತರದಲ್ಲಿ ಮೂತಿ ತಗ್ಗುತ್ತದೆ, ಹಳದಿ ಗುಂಡಿ ಎರಡು ಸಲ ಎಳೆದರೆ ಕೇಬಲ್ ಕಳಚಿಕೊಂಡು ಪುಟ್ಟ ಪ್ಯಾರಾಚೂಟ್ ಬಿಚ್ಚಿ ಕೆಳಗಿಳಿಯುತ್ತದೆ.

ಆಮೇಲೆ ಮೌನ ಎಂದುಕೊಂಡವರಿಗೆ ನಿರಾಸೆ ಖಚಿತ. ಕೆನೊಪಿ ಎಂಬ ಪಾರದರ್ಶಕ ಮುಚ್ಚಳದ ಮೇಲೆ ಗಾಳಿ ಸುಯ್ಯೆನ್ನುತ್ತದೆ, ವೇರಿಯೊಮೀಟರ್ ಎಂಬ ಉಪಕರಣ ಏರಿದರೆ ಬೀಪ್ ಬೀಪ್ ಎಂದು, ಇಳಿದರೆ ಒಂದೇ ಸಮನೆ ನರಳಿ ಹೇಳುತ್ತದೆ. ಕಣ್ಣೆದುರು, ಕೆನೊಪಿಯ ಹೊರಮೈಗೆ, ಒಂದು ಗೇಣಿಗಿಂತ ಚಿಕ್ಕ ಉಲ್ಲನ್ ದಾರವನ್ನು ಟೇಪ್ ಹಚ್ಚಿ ಅಂಟಿಸಿರುತ್ತಾರೆ. ಕಾಕ್‌ಪಿಟ್ಟಿನ ಅತ್ಯಂತ ಅಗ್ಗದ ಸಾಧನ ಇದು, ಅತ್ಯಂತ ಪ್ರಾಮಾಣಿಕವೂ ಹೌದು. ದಾರ ನೇರ ಹಿಂದಕ್ಕೆ ಹರಿಯುತ್ತಿದ್ದರೆ ವಿಮಾನ ಗಾಳಿಯನ್ನು ಸರಿಯಾಗಿ ಸೀಳುತ್ತಿದೆ. ಎಡಕ್ಕೋ ಬಲಕ್ಕೋ ವಾಲಿದರೆ ಅಡ್ಡಡ್ಡ ಜಾರುತ್ತಿದೆ. ಕೈ ಮತ್ತು ಕಾಲು ಹೊಂದಿಕೊಳ್ಳುವವರೆಗೂ ಆ ದಾರ ಎಡಬಲಕ್ಕೆ ಕುಣಿಯುತ್ತಲೇ ಇರುತ್ತದೆ, ಹಿಂದಿನ ಸೀಟಿನಿಂದ ‘ದಾರ... ದಾರ...’ ಎಂಬ ಜಪ ನಿಲ್ಲುವುದಿಲ್ಲ.

ಎಎಸ್‌ಕೆ 21 ಒಂದು ಕಿಲೋಮೀಟರ್ ಇಳಿಯುವಷ್ಟರಲ್ಲಿ ನಿಶ್ಚಲ ಗಾಳಿಯಲ್ಲಿ ಸುಮಾರು 34 ಕಿ.ಮೀ. ಮುಂದೆ ಸಾಗಬಲ್ಲದು. ಕೇಳಲು ಬಹಳ. ಆದರೆ ವಿಂಚ್ ಕೊಟ್ಟ ಎತ್ತರ ಒಂದು ಕಿಲೋಮೀಟರಿನ ಮೂರನೇ ಒಂದು ಭಾಗ. ಮೇಲೇಳುವ ಗಾಳಿ ಸಿಗದಿದ್ದರೆ ಐದಾರು ನಿಮಿಷಕ್ಕೆ ಮತ್ತೆ ನೆಲ. ಬೆಳಗಿನಿಂದ ಕಾದದ್ದು, ಒರೆಸಿದ್ದು, ತಳ್ಳಿದ್ದು, ಸಹಿ ಹಾಕಿದ್ದು ಎಲ್ಲ ಅಷ್ಟಕ್ಕೇ.

ಹೆಚ್ಚು ಹೊತ್ತು ಮೇಲಿರಬೇಕಾದರೆ ಥರ್ಮಲ್ ಹುಡುಕಬೇಕು. ಬಿಸಿಲಿಗೆ ನೆಲ ಒಂದೇ ಸಮ ಕಾಯುವುದಿಲ್ಲ. ಕೊಯ್ಲಾದ ಹೊಲ, ಊರಿನ ಚಾವಣಿ, ಬಂಡೆಯ ಇಳಿಜಾರು ಬೇಗ ಕಾಯುತ್ತವೆ. ಕಾಡು, ಕೆರೆ ನಿಧಾನ. ಕಾದ ಗಾಳಿ ಕಂಬವಾಗಿ ಮೇಲೇರಿ, ತಣ್ಣಗಾಗಿ, ಅದರೊಳಗಿನ ತೇವ ಹತ್ತಿಯಂಥ ಬಿಳಿ ಮೋಡವಾಗುತ್ತದೆ. ಗ್ಲೈಡರ್ ಆ ಕಂಬದೊಳಗೆ ಸುತ್ತು ಹೊಡೆಯುತ್ತಾ ಏರುತ್ತದೆ. ಬೆಂಗಳೂರಿನ ಮಾರುಕಟ್ಟೆಗಳ ಮೇಲೆ ಹನ್ನೊಂದು ಗಂಟೆಯ ಬಿಸಿಲಿಗೆ ಹದ್ದುಗಳು ರೆಕ್ಕೆ ಬಡಿಯದೆ ಚಕ್ರ ಹಾಕುವುದೂ, ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳು ಬಂಡೆ ಕಾದ ಮೇಲೆಯೇ ಹೊರಡುವುದೂ ಇದೇ ಲೆಕ್ಕದಲ್ಲಿ. ಇಲ್ಲಿನ ಪೈಲಟ್‌ಗಳಿಗೂ ಹಕ್ಕಿಗಳೇ ದಾರಿಗುರುತು. ಬಜರ್ಡ್ ಎಂಬ ಬೇಟೆಹಕ್ಕಿಯೊಂದು ಸುತ್ತುತ್ತಿದ್ದರೆ ಅತ್ತ ತಿರುಗುತ್ತಾರೆ. ಥರ್ಮಲ್‌ನಲ್ಲಿ ಮೊದಲು ಬಂದವರು ಯಾವ ಕಡೆ ಸುತ್ತುತ್ತಿದ್ದಾರೋ ನಂತರ ಬಂದವರೂ ಅದೇ ಕಡೆ ಸುತ್ತಬೇಕು ಎಂಬುದು ಕಟ್ಟುನಿಟ್ಟಿನ ನಿಯಮ.

ಮಳೆ ನಕ್ಷತ್ರಗಳ ಹೆಸರಿನ ಗ್ಲೈಡರ್‌ಗಳು

ಶನಿವಾರ ರಾತ್ರಿ ಕ್ಲಬ್‌ಹೌಸಿನ ಬಾರಿನಲ್ಲಿ ಹಳೆಯ ಮರದ ಗ್ಲೈಡರ್‌ಗಳ ಮಾತು ಬಂತು. ಇಂಡಿಯಾದಲ್ಲೂ ಗ್ಲೈಡರ್ ಕಟ್ಟಿದ್ದರೇ ಎಂದು ಒಬ್ಬ ಹಿರಿಯರು ಕೇಳಿದರು. ನಮ್ಮಲ್ಲೂ ಎಷ್ಟು ಜನಕ್ಕೆ ಇದು ಗೊತ್ತಿದೆ?

ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾದದ್ದು 1940ರ ಡಿಸೆಂಬರ್‌ನಲ್ಲಿ, ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ. ಮರುವರ್ಷವೇ ಅಲ್ಲಿ ತಯಾರಾದ ಸ್ವಂತ ವಿನ್ಯಾಸ ಯುದ್ಧವಿಮಾನವಲ್ಲ, ಜಿ-1 ಎಂಬ ಹತ್ತು ಸೀಟಿನ ಸೈನಿಕ ಗ್ಲೈಡರ್. ವಿನ್ಯಾಸ ಮಾಡಿದವರು ಡಾ. ವಿ. ಎಂ. ಘಾಟಗೆ. ಜರ್ಮನಿಯ ಗಾಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಬಳಿ ಕಲಿತು ಬಂದವರು. ಮುಂದೆ ಎಚ್‌ಟಿ-2 ತರಬೇತಿ ವಿಮಾನ ಕೊಟ್ಟವರೂ ಅವರೇ. ಸ್ವಾತಂತ್ರ್ಯಾನಂತರ ನಾಗರಿಕ ವಿಮಾನಯಾನ ಇಲಾಖೆಯ ತಾಂತ್ರಿಕ ಕೇಂದ್ರದಲ್ಲಿ ಎಸ್. ರಾಮಾಮೃತಂ ಒಂದಾದ ಮೇಲೊಂದು ಗ್ಲೈಡರ್ ರೂಪಿಸಿದರು. 1958ರಲ್ಲಿ ಅಶ್ವಿನಿ, 1961ರಲ್ಲಿ ಎರಡು ಸೀಟು ಪಕ್ಕಪಕ್ಕ ಇರುವ ರೋಹಿಣಿ, 1963ರಲ್ಲಿ ಕಾರ್ತಿಕ್. ಅದೇ ಸಾಲಿನಲ್ಲಿ ಭರಣಿ, ಮೃಗಶೀರ್, ಆಮೇಲೆ ಎಚ್‌ಎಎಲ್ ತಯಾರಿಸಿದ ಆರ್ದ್ರಾ. ನಮ್ಮ ರೈತರು ಮಳೆ ಎಣಿಸುವ ನಕ್ಷತ್ರಗಳವೇ ಈ ಹೆಸರುಗಳು. ಪುಣೆಯ ಹಡಪ್ಸರ್ ಕೇಂದ್ರದಲ್ಲಿ ತಲೆಮಾರುಗಟ್ಟಲೆ ಹುಡುಗರು ವಿಂಚ್‌ನ ಕೇಬಲ್ಲಿಗೆ ಸಿಕ್ಕಿಸಿಕೊಂಡೇ ಹಾರಲು ಕಲಿತರು.

ನಮ್ಮಲ್ಲಿ ಈ ವಿದ್ಯೆ ಬೆಳೆದದ್ದು ಹೆಚ್ಚಾಗಿ ಸರ್ಕಾರ ಮತ್ತು ಎನ್‌ಸಿಸಿಯ ಆಶ್ರಯದಲ್ಲಿ. ಲಾಂಗ್ ಮಿಂಡ್‌ನಲ್ಲಿ ಹ್ಯಾಂಗರ್ ಬಾಗಿಲಿಗೆ ಗ್ರೀಸ್ ಹಚ್ಚುವುದೂ ಸದಸ್ಯರೇ, ಸೋರುವ ಚಾವಣಿಗೆ ತೇಪೆ ಹಾಕುವುದೂ ಅವರೇ. ತಜ್ಞತೆ ನಮ್ಮ ಕಡೆ ಕಡಿಮೆಯಿರಲಿಲ್ಲ. ಎರಡು ವ್ಯವಸ್ಥೆಗಳಿಗಿರುವ ವ್ಯತ್ಯಾಸ ಈ ಗ್ರೀಸು, ತೇಪೆಗಳಲ್ಲಿದೆ.

ಭಾನುವಾರದ ಪಡುಗಾಳಿ

ಭಾನುವಾರ ಬೆಳಿಗ್ಗೆ ಗಾಳಿಚೀಲ ಪೂರ್ವಕ್ಕೆ ಮುಖ ಮಾಡಿ ಅಡ್ಡಕ್ಕೆ ನಿಂತಿತ್ತು. ಪಶ್ಚಿಮದಿಂದ ಬಲವಾದ ಗಾಳಿ. ತಿಂಡಿ ಮುಗಿಯುವ ಮೊದಲೇ ಯಾರೋ ‘ಬಂಜಿ!’ ಎಂದರು. 1920ರ ವಾಸರ್‌ಕುಪ್ಪೆಯ ಆ ರಬ್ಬರ್ ಹಗ್ಗ ಈಗ ಹೆಚ್ಚು ಕಡೆ ಚಿತ್ರಗಳಲ್ಲಷ್ಟೇ ಉಳಿದಿದೆ. ಲಾಂಗ್ ಮಿಂಡ್‌ನಲ್ಲಿ ಗಾಳಿ ಸರಿಯಿದ್ದ ದಿನ ಇಂದಿಗೂ ಅದು ಹೊರಬರುತ್ತದೆ.

ಹಗುರವಾದ ಹಳೆಯ ಮರದ ಗ್ಲೈಡರೊಂದನ್ನು ಗುಡ್ಡದಂಚಿಗೆ ತಂದು ಗಾಳಿಗೆ ಎದುರು ನಿಲ್ಲಿಸಿದರು. ದಪ್ಪ ಹಗ್ಗದ ನಡುಭಾಗ ಗ್ಲೈಡರ್‌ನ ಕೊಕ್ಕೆಗೆ, ಎರಡು ತುದಿಗಳು ಇಂಗ್ಲಿಷಿನ ‘ವಿ’ ಆಕಾರದಲ್ಲಿ ಮುಂದಕ್ಕೆ. ಎರಡೂ ಕಡೆ ಸಾಲಾಗಿ ಜನ, ಹಿಂದೆ ಗ್ಲೈಡರ್ ಮಿಸುಕದಂತೆ ತಡೆ. ನನ್ನ ಮುಂದಿದ್ದವಳು ಶಾಲೆಗೆ ಹೋಗುವ ಹುಡುಗಿ, ಹಿಂದಿದ್ದವರು ನಿವೃತ್ತ ಮೇಷ್ಟ್ರು. ಬ್ರಿಟನ್ನಿನಲ್ಲಿ 14 ವರ್ಷ ತುಂಬಿದವರು ಗ್ಲೈಡರ್‌ನಲ್ಲಿ ಒಬ್ಬರೇ ಹಾರಬಹುದು. ಕಾರು ಓಡಿಸಲು ಮಾತ್ರ 17ರವರೆಗೆ ಕಾಯಬೇಕು. ಹೀಗಾಗಿ ಅವಳನ್ನು ಬೆಳಿಗ್ಗೆ ಅಪ್ಪ ತಂದು ಬಿಟ್ಟು ಹೋಗಿದ್ದರು.

‘ವಾಕ್!’ ಎಂಬ ಕೂಗಿಗೆ ಹೆಜ್ಜೆ ಹಾಕಿದೆವು. ಹಗ್ಗ ಹಿಗ್ಗುತ್ತಾ ಅಂಗೈಯಲ್ಲಿ ತೂಕ ಹೆಚ್ಚಿತು. ‘ರನ್!’ ಹೀದರ್ ಪೊದೆಗಳ ನಡುವೆ ಕಾಲು ಎಲ್ಲಿಡುತ್ತಿದ್ದೇವೆಂದು ನೋಡದೆ ಇಳಿಜಾರಿಗೆ ಓಡಿದೆವು. ಹಿಂದೆ ತಡೆ ಬಿಟ್ಟರು. ಹಗ್ಗ ಒಮ್ಮೆಲೇ ಸಡಿಲಾಯಿತು, ತಲೆಯ ಮೇಲೆ ಬಟ್ಟೆ ಹೊದಿಸಿದ ರೆಕ್ಕೆಯ ತಳ, ಅದರೊಳಗಿನ ಮರದ ಪಕ್ಕೆಲುಬುಗಳ ನೆರಳೂ ಕಾಣುವಷ್ಟು ಹತ್ತಿರದಲ್ಲಿ, ಸರಕ್ಕನೆ ದಾಟಿತು. ನಾವು ಇಳಿಜಾರಿನಲ್ಲಿ ಏದುಸಿರು ಬಿಡುತ್ತಿದ್ದೆವು, ಗ್ಲೈಡರ್ ಆಗಲೇ ನಮಗಿಂತ ಎತ್ತರದಲ್ಲಿ ಬಲಕ್ಕೆ ತಿರುಗುತ್ತಿತ್ತು. ಒಂದು ಹನಿ ಇಂಧನ ಖರ್ಚಾಗಿರಲಿಲ್ಲ. ಇನ್ನು ಹಗ್ಗ ಹೊತ್ತು ಗುಡ್ಡ ಹತ್ತಬೇಕು, ಮುಂದಿನವರು ಕಾಯುತ್ತಿದ್ದಾರೆ.

ವಿಂಚ್‌ಗಿಂತ ಬಂಜಿ ಕೊಡುವ ಎತ್ತರ ತೀರಾ ಕಡಿಮೆ. ಆದರೂ ಸಾಕಾಗುವುದಕ್ಕೆ ಗುಡ್ಡವೇ ಕಾರಣ. ಪಶ್ಚಿಮದ ಕಣಿವೆಯಿಂದ ಐನೂರು ಆರುನೂರು ಅಡಿ ಎದ್ದು ನಿಂತ ಇಳಿಜಾರಿಗೆ ಗಾಳಿ ಬಂದು ಬಡಿದಾಗ ಅದಕ್ಕೆ ಮೇಲೇರದೆ ಬೇರೆ ದಾರಿಯಿಲ್ಲ. ಆ ಏರುಗಾಳಿಯ ಪಟ್ಟಿಯಲ್ಲಿ ಗುಡ್ಡದುದ್ದಕ್ಕೂ ಹೋಗಿ ಬಂದು ಮಾಡುತ್ತಿದ್ದರೆ ಗಾಳಿ ನಿಲ್ಲುವವರೆಗೂ ಮೇಲಿರಬಹುದು. ಮಧ್ಯಾಹ್ನ ಬೋಧಕರ ಜೊತೆ ನನ್ನ ಸರದಿ ಬಂತು, ವಿಂಚ್‌ನಿಂದಲೇ. ಶನಿವಾರ ಐದಾರು ನಿಮಿಷಕ್ಕೆ ಇಳಿದ ಅದೇ ಗ್ಲೈಡರ್ ಈ ದಿನ ಇಳಿಯುವ ಮಾತೇ ಆಡಲಿಲ್ಲ. ಕೆಳಗೆ ಆಸ್ಟರ್ಟನ್ ಹಳ್ಳಿಯ ಚಾವಣಿಗಳು, ಎದುರಿಗೆ ಸ್ಟೈಪರ್‌ಸ್ಟೋನ್ಸ್, ಬದಿಯಲ್ಲಿ ಬಣ್ಣಬಣ್ಣದ ಪ್ಯಾರಾಗ್ಲೈಡರ್‌ಗಳು. ಈ ಏರುಗಾಳಿಯಲ್ಲಿ ತಿರುಗುವುದು ಯಾವಾಗಲೂ ಗುಡ್ಡದಿಂದ ಆಚೆಗೆ. ಎದುರುಬದುರಾದಾಗ ಗುಡ್ಡ ಬಲಕ್ಕಿರುವವರಿಗೆ ಬಲಕ್ಕೆ ಸರಿಯಲು ಜಾಗವಿಲ್ಲ, ಆದ್ದರಿಂದ ಇನ್ನೊಬ್ಬರು ದಾರಿ ಬಿಡಬೇಕು. ಸುಂದರ ನೋಟ ನೋಡುತ್ತಾ ಕೂರಲು ಪುರುಸೊತ್ತಿಲ್ಲ. ಕಣ್ಣು ಸದಾ ಇನ್ನೊಂದು ಗ್ಲೈಡರ್ ಹುಡುಕುತ್ತಿರುತ್ತದೆ.

ಗಾಳಿ ಇನ್ನೂ ಅನುಕೂಲವಾದರೆ ವೇಲ್ಸ್‌ನ ಬೆಟ್ಟಗಳನ್ನು ದಾಟಿ ಬರುವ ಗಾಳಿ ಇಲ್ಲಿ ಅಲೆಅಲೆಯಾಗಿ ಏಳುತ್ತದೆ. ಅದರ ಮೇಲೆ ನಯವಾದ ಮಸೂರದಾಕಾರದ ಮೋಡಗಳು ಗಾಳಿ ಎಷ್ಟೇ ಬೀಸಿದರೂ ಜಾಗ ಬಿಡದೆ ನಿಂತಿರುತ್ತವೆ. ಇದಕ್ಕೆ ವೇವ್ ಎನ್ನುತ್ತಾರೆ. 1933ರಲ್ಲಿ ಅಂದಿನ ಜರ್ಮನಿಯ ಸಿಲೇಸಿಯಾ ಗಡಿಬೆಟ್ಟಗಳ ಬಳಿ ವೋಲ್ಫ್ ಹಿರ್ಟ್ ಮತ್ತು ಹಾನ್ಸ್ ಡಾಯ್ಚ್‌ಮನ್ ಇದರಲ್ಲಿ ಏರಿ ತೋರಿಸಿದರು. 2003ರಲ್ಲಿ ಕ್ಲೌಸ್ ಓಲ್ಮನ್ ಆಂಡೀಸ್ ಪರ್ವತಗಳ ವೇವ್ ಹಿಡಿದು ಒಂದೇ ದಿನದಲ್ಲಿ 3,009 ಕಿ.ಮೀ. ಹಾರಿದರು. 2018ರ ಸೆಪ್ಟೆಂಬರ್‌ನಲ್ಲಿ ಪರ್ಲಾನ್ 2 ಎಂಬ ಗ್ಲೈಡರ್ ಅರ್ಜೆಂಟೀನಾದ ಮೇಲೆ 22 ಕಿ.ಮೀ.ಗೂ ಹೆಚ್ಚು ಎತ್ತರ ಮುಟ್ಟಿತು. ಪ್ರಯಾಣಿಕ ವಿಮಾನಗಳು ಹಾರುವ ಎತ್ತರದ ಸುಮಾರು ಎರಡು ಪಟ್ಟು, ಅದೂ ಎಂಜಿನ್ ಇಲ್ಲದೆ.

ಯಾರದೋ ಹೊಲದಲ್ಲಿ ಇಳಿದವರು

ಸಂಜೆ ನಾಲ್ಕರ ಹೊತ್ತಿಗೆ ಕ್ಲಬ್‌ಹೌಸಿಗೆ ಫೋನ್ ಬಂತು. ಬೆಳಿಗ್ಗೆ ಹೊರಟ ಸದಸ್ಯರೊಬ್ಬರು ದೂರದ ಹಳ್ಳಿಯೊಂದರ ಹೊಲದಲ್ಲಿ ಇಳಿದಿದ್ದರು. ಇದು ಅಪಘಾತವಲ್ಲ, ಆಟದ ಭಾಗ. ಸಿಲ್ವರ್ ಬ್ಯಾಡ್ಜ್ ಎಂಬ ಅರ್ಹತೆ ಪಡೆಯಲು ಐದು ಗಂಟೆ ಗಾಳಿಯಲ್ಲಿರಬೇಕು, ಸಾವಿರ ಮೀಟರ್ ಏರಬೇಕು, 50 ಕಿ.ಮೀ. ದೂರ ಹೋಗಬೇಕು. ದೂರ ಹೋದವರಿಗೆ ಏರುಗಾಳಿ ಕೈಕೊಟ್ಟರೆ ಹೊಲವೇ ಗತಿ. ಅದನ್ನು ಆರಿಸುವುದೂ ಒಂದು ವಿದ್ಯೆ. ಸಾಕಷ್ಟು ಎತ್ತರ ಇರುವಾಗಲೇ ನಿರ್ಧರಿಸಬೇಕು. ಗಾಳಿಗೆ ಎದುರು ಇಳಿಯುವಷ್ಟು ಉದ್ದ ಬೇಕು, ಇಳಿಜಾರಿರಬಾರದು, ಕರೆಂಟ್ ತಂತಿ ಇರಬಾರದು. ದನ ಇರಬಾರದು, ನಿಂತ ಪೈರಂತೂ ಬೇಡವೇ ಬೇಡ. ಕೊಯ್ಲಾದ ಕೂಳೆ ಹೊಲ ಎಲ್ಲಕ್ಕಿಂತ ಒಳ್ಳೆಯದು. ಇಳಿದ ಮೇಲೆ ಮೊದಲ ಕೆಲಸ, ಹೊಲದ ಯಜಮಾನರನ್ನು ಹುಡುಕಿ ವಿನಯದಿಂದ ಮಾತಾಡಿಸುವುದು.

ಅವರನ್ನು ಕರೆತರಲು ಇಬ್ಬರು ಟ್ರೈಲರ್ ಕಟ್ಟಿಕೊಂಡು ಹೊರಟರು. ಹೊಲದಲ್ಲಿ ರೆಕ್ಕೆ ಬಿಚ್ಚಿ, ಟ್ರೈಲರಿಗೆ ತುಂಬಿ, ರಾತ್ರಿ ವಾಪಸ್. ಖರ್ಚಿನ ಲೆಕ್ಕ ಹಳೆಯ ರೂಢಿಯಂತೆ. ಇಳಿದವರು ತರಲು ಹೋದವರಿಗೆ ದಾರಿಯಲ್ಲಿ ಊಟ ಹಾಕಿಸಬೇಕು. ಇವತ್ತು ಹೋದ ಇಬ್ಬರಲ್ಲೊಬ್ಬರು ಮುಂದೆ ಯಾವುದೋ ಹೊಲದಲ್ಲಿ ಇಳಿದಾಗ ಫೋನ್ ಎತ್ತುವವರು ಇವತ್ತು ಇಳಿದವರೇ.

ಇದು ಬಡವರ ಆಟ ಎಂದು ಹೇಳುವುದು ತಪ್ಪು. ಸದಸ್ಯತ್ವಕ್ಕೆ, ಪ್ರತಿ ಲಾಂಚಿಗೆ, ಗಾಳಿಯಲ್ಲಿದ್ದ ನಿಮಿಷಗಳಿಗೆ ದುಡ್ಡು ಕೊಡಬೇಕು. ಆದರೆ ಎಂಜಿನ್ ವಿಮಾನ ಕಲಿಯುವ ಖರ್ಚಿಗೆ ಹೋಲಿಸಿದರೆ ತೀರಾ ಕಡಿಮೆ. ಕಡಿಮೆಯಾಗುವುದಕ್ಕೆ ಪೆಟ್ರೋಲ್ ಉಳಿದದ್ದಷ್ಟೇ ಕಾರಣವಲ್ಲ, ಯಾರಿಗೂ ಸಂಬಳ ಕೊಡದ್ದೂ ಕಾರಣ. ಸಂಬಳದ ಬದಲಿಗೆ ಕೊಡಬೇಕಾದದ್ದು ವೇಳೆ. ಈ ಕಾಲದಲ್ಲಿ ಜನರ ಹತ್ತಿರ ದುಡ್ಡಿದ್ದರೂ ಇಲ್ಲದಿರುವುದು ಅದೇ. ಬೆಳಿಗ್ಗೆ ಹತ್ತಕ್ಕೆ ಸ್ಲಾಟ್ ಕಾಯ್ದಿರಿಸಿ, ಹನ್ನೊಂದಕ್ಕೆ ಹಾರಿ, ಹನ್ನೆರಡಕ್ಕೆ ಮಾಲ್‌ಗೆ ಹೋಗುವ ಅಭ್ಯಾಸವಾದವರಿಗೆ ಇಡೀ ದಿನ ಹುಲ್ಲಿನ ಮೇಲೆ ನಿಲ್ಲುವುದು ವ್ಯರ್ಥವೆನಿಸುತ್ತದೆ. ಕಲಿಯಲು ಬಂದು ಕೆಲವು ವಾರಕ್ಕೇ ಬಿಟ್ಟುಹೋಗುವವರು ಎತ್ತರಕ್ಕೆ ಹೆದರಿದವರಲ್ಲ, ಈ ಕಾಯುವಿಕೆಗೆ ಬೇಸತ್ತವರು. ಉಳಿದವರನ್ನು ಕೇಳಿದರೆ ವಿಚಿತ್ರ ಉತ್ತರ ಸಿಗುತ್ತದೆ. ಹಾರಿದ ಗಂಟೆಗಳನ್ನು ಅವರು ಲಾಗ್‌ಬುಕ್ ನೋಡಿ ಹೇಳುತ್ತಾರೆ, ಮಳೆ ಬಂದು ಹಾರಲಾಗದ ದಿನ ಯಾರು ಏನು ಹೇಳಿ ನಗಿಸಿದರು ಎನ್ನುವುದನ್ನು ನೋಡದೆಯೇ.

ಬ್ರಿಟನ್ನಿಗೆ ಬರುವ ಬಂಧುಗಳು ‘ನಮ್ಮನ್ನೂ ಒಂದು ಸಲ ಕೂರಿಸಿ’ ಎನ್ನುತ್ತಾರೆ. ಖಂಡಿತ ಕೂರಬಹುದು. ಹೊಸಬರಿಗೆಂದೇ ಬೋಧಕರ ಜೊತೆ ಒಂದು ಹಾರಾಟದ ಏರ್ಪಾಡು ಬಹುತೇಕ ಕ್ಲಬ್‌ಗಳಲ್ಲಿದೆ, ಮುಂಚೆಯೇ ಕಾಯ್ದಿರಿಸಬೇಕು. ಆದರೆ ನನ್ನ ಸಲಹೆ, ನಿಗದಿತ ವೇಳೆಗೆ ಹೋಗಬೇಡಿ. ಹ್ಯಾಂಗರ್ ಬಾಗಿಲು ತೆಗೆಯುವಾಗಲೇ ಅಲ್ಲಿರಿ. ರೆಕ್ಕೆ ಹಿಡಿಯಿರಿ, ವೇಳೆ ಬರೆಯಿರಿ, ಕೊನೆಯ ಗ್ಲೈಡರ್ ಒಳಗೆ ಹೋಗುವವರೆಗೆ ಹೊರಡಬೇಡಿ. ಆಗ ನಿಮಗೆ ಸಿಗುವ ಐದಾರು ನಿಮಿಷದ ಆಕಾಶ ಎಷ್ಟು ಜನರ ಕೈಯಿಂದ ಬಂತೆಂದು ಒಬ್ಬೊಬ್ಬರ ಹೆಸರು ಸಮೇತ ಗೊತ್ತಿರುತ್ತದೆ. ಬೆಚ್ಚನೆಯ ಜಾಕೆಟ್, ಟೋಪಿ, ಕುಡಿಯುವ ನೀರು ಮರೆಯಬೇಡಿ. ಪಡುಗಾಳಿಯ ದಿನವಾದರೆ ಹಿಡಿತವಿರುವ ಶೂ ಬೇಕೇ ಬೇಕು. ಹಗ್ಗ ಹಿಡಿದು ಗುಡ್ಡ ಇಳಿದವರನ್ನು ಮೇಲೆ ತರಲು ಅಲ್ಲಿ ಇನ್ನೂ ಯಾವ ವಿಂಚೂ ಇಲ್ಲ.